ಬೆಳೆಯುವ ನರ, ಬೆಳೆಯದ ನರ

ಬಂಧುಗಳ ಮನೆಯ ಹುಡುಗಿಯೊಬ್ಬಳು ಕೆನಡಾದ ಮಾಂಟ್ರಿಯಲ್‌ಗೆ, ಮೆಕ್‌ಗಿಲ್ ವಿಶ್ವವಿದ್ಯಾಲಯದ ನರವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಹೊರಟಿದ್ದಾಳೆ. ಮೊನ್ನೆ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಅವಳನ್ನು ಕೇಳಿದರು: “ನಲವತ್ತು ವರ್ಷದಿಂದ ಇಲಿಗಳ ನರ ಕತ್ತರಿಸ್ತಾ ಇದಾರಲ್ಲಮ್ಮ, ಒಬ್ಬನಾದರೂ ಎದ್ದು ನಡೆದನೇ?”

ಕೇಳಬೇಕಾದ ಪ್ರಶ್ನೆ ಇದಲ್ಲ ಎಂದೇ ನನ್ನ ವಾದ.

ನಮ್ಮೂರಲ್ಲಿ ಒಬ್ಬನ ಮಣಿಕಟ್ಟಿಗೆ ಕತ್ತಿ ಬಿದ್ದು ನರ ತುಂಡಾಗಿತ್ತು. ವೈದ್ಯರು ಹೊಲಿದು ಕಳಿಸಿದರು. ಬೆರಳುಗಳಿಗೆ ಜೀವವೇ ಇರಲಿಲ್ಲ. ಬರಬರುತ್ತಾ, ಮೆಲ್ಲಗೆ ತಟ್ಟಿದರೆ ಜುಂ ಎನ್ನುವ ಜಾಗ ಗಾಯದಿಂದ ಅಂಗೈಗೆ, ಅಂಗೈಯಿಂದ ಬೆರಳಿಗೆ ಇಳಿಯಿತು. ಅಂಥ ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಬೆಳಿಗ್ಗೆ ಅವನು ಕಾಫಿ ಲೋಟ ಹಿಡಿದು “ಬಿಸಿ” ಎಂದ. ಅವನ ಪಕ್ಕದ ಮನೆಯವನು ಅಡಕೆ ಮರದಿಂದ ಬಿದ್ದು ಬೆನ್ನುಹುರಿ ಜಜ್ಜಿಸಿಕೊಂಡ. ಹನ್ನೊಂದು ವರ್ಷವಾಯಿತು, ಕಾಲಿನ ಮೇಲೆ ಇರುವೆ ಹರಿದರೂ ಅವನಿಗೆ ತಿಳಿಯದು.

ಕೈಯ ನರ ಚಿಗುರುತ್ತದೆ, ಬೆನ್ನುಹುರಿಯದು ಏಕೆ ಚಿಗುರುವುದಿಲ್ಲ? ಕೊರತೆ ನರದ್ದಲ್ಲ, ಅದರ ಸುತ್ತಲಿನದ್ದು ಎಂಬ ಗುಮಾನಿ ಸ್ಪೇನಿನ ನರವಿಜ್ಞಾನಿ ಕಾಹಾಲ್ ಅವರಿಗೆ ಕಳೆದ ಶತಮಾನದ ಆರಂಭದಲ್ಲೇ ಇತ್ತು. ಆದರೂ ಮಿದುಳು, ಬೆನ್ನುಹುರಿಗಳ ನರಕ್ಕೆ ಬೆಳೆಯುವ ಶಕ್ತಿಯೇ ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿ ನಿಂತಿತ್ತು. ನಮ್ಮ ಹುಡುಗಿ ಹೊರಟಿರುವ ಆ ಕೇಂದ್ರವನ್ನು ಕಟ್ಟಿದ ಆಲ್ಬರ್ಟ್ ಅಗುವಾಯೊ, ಸ್ಯಾಮ್ಯುಯೆಲ್ ಡೇವಿಡ್ ಜೊತೆಗೂಡಿ 1981ರಲ್ಲಿ ಇಲಿಯ ಕಾಲಿನ ನರದ ತುಂಡೊಂದನ್ನು ಮಿದುಳಿನ ಬುಡಕ್ಕೂ ಬೆನ್ನುಹುರಿಗೂ ನಡುವೆ ಸಂಕದಂತೆ ಕೂಡಿಸಿದರು. ಬೆಳೆಯಲಾರದು ಎನ್ನಿಸಿಕೊಂಡಿದ್ದ ಎಳೆಗಳು ಆ ಸಂಕದೊಳಗೆ ಸುಮಾರು 30 ಮಿಲಿಮೀಟರ್ ಬೆಳೆದವು. ಯಾರೂ ಎದ್ದು ನಡೆಯಲಿಲ್ಲ, ನಿಜ. ಆದರೆ “ಆಗದು” ಎಂಬ ತೀರ್ಪು ಅಂದು ಬಿದ್ದುಹೋಯಿತು, “ತಡೆಯುತ್ತಿರುವುದು ಏನು?” ಎಂದು ಹುಡುಕಲು ದಾರಿಯಾಯಿತು.

ಇಂಥ ಸಂಶೋಧನೆಗೆ ಸುರಿಯುವ ಹಣದಲ್ಲಿ ಹಾಸಿಗೆ ಹಿಡಿದವರಿಗೆ ಫಿಸಿಯೊಥೆರಪಿ, ಗಾಲಿಕುರ್ಚಿ ಕೊಡಬಹುದಲ್ಲ ಎನ್ನುವವರಿಗೆ ನಾನು ತಲೆಬಾಗುತ್ತೇನೆ. ಬೆನ್ನುಹುರಿ ಹೋದವರನ್ನು ಎಷ್ಟೋ ಸಲ ಕೊಲ್ಲುವುದು ಹಾಸಿಗೆ ಹುಣ್ಣು, ಮೂತ್ರದ ಸೋಂಕು. ಆ ಆರೈಕೆ ಇಂದೇ ಸಿಗಬೇಕು, ಅದಕ್ಕಾಗಿ ಸರ್ಕಾರದ ಮುಂದೆ ಜಗಳಕ್ಕೂ ಸಿದ್ಧ. ಆದರೆ ಆರೈಕೆಗೆ ದುಡ್ಡು ಸಾಲದಿರುವುದು ಪ್ರಯೋಗಾಲಯದ ಇಲಿಗಳಿಂದಲ್ಲ. ವಿಜ್ಞಾನ ಸಾಕು, ಹಣೆಬರಹಕ್ಕೆ ಬಿಡಿ ಎನ್ನುವವರಿಗೆ ಉತ್ತರ ಕೊಡುವ ಅಗತ್ಯವೂ ಇಲ್ಲ.

ನನ್ನ ಸಿಟ್ಟು ಬೇರೆಡೆ ಇದೆ. “ಮದ್ದು ಎಲ್ಲಿ?” ಎಂಬ ಅವಸರವನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಆ ಅಡಕೆ ಕೊಯ್ಯುವವನ ಹೆಂಡತಿ ಅರ್ಧ ಎಕರೆ ಮಾರಿ ಕಾಂಡಕೋಶದ ಇಂಜೆಕ್ಷನ್ ಹಾಕಿಸಿದಳು, ಮೂರು ಸಲ. ಬೆನ್ನುಹುರಿಗೆ ಅದಿನ್ನೂ ಸಾಬೀತಾಗದ ಚಿಕಿತ್ಸೆ, ಅನುಮತಿ ಪಡೆದ ಪ್ರಯೋಗದಾಚೆ ಕೊಡಕೂಡದು ಎಂದು ಅವಳಿಗೆ ಹೇಳಿದವರಿಲ್ಲ. “ಇನ್ನೂ ಆಗಿಲ್ಲ” ಎಂದು ನೇರವಾಗಿ ಹೇಳಬಲ್ಲವರು ನಲವತ್ತು ವರ್ಷ ಇಲಿಗಳ ನಡುವೆ ಕೂತವರೇ. ಆ ಮಾತು ಅವಳ ಕಿವಿಗೆ ಬಿದ್ದಿದ್ದರೆ ಜಮೀನು ಉಳಿಯುತ್ತಿತ್ತು.

ಅಗುವಾಯೊ ಅವರ ಸಂಕದಲ್ಲಿ ಅಷ್ಟು ದೂರ ಬಂದ ಎಳೆಗಳು ಮತ್ತೆ ಬೆನ್ನುಹುರಿಯೊಳಗೆ ಕಾಲಿಟ್ಟು ಕೆಲವೇ ಮಿಲಿಮೀಟರಿಗೆ ನಿಂತುಬಿಟ್ಟವು. ಹುಡುಗಿ ಕೆಲಸ ಮಾಡಲು ಹೊರಟಿರುವುದು ಅವು ನಿಂತ ಆ ಜಾಗದ ಮೇಲೆ.