ಮತ್ತಿನ ವಸ್ತು ಮದ್ದಾಗಬಹುದೇ?

ದೊಡ್ಡಬಳ್ಳಾಪುರದ ಸುತ್ತಿನ ಹಳ್ಳಿಗಳಲ್ಲಿ ಸಂಚರಿಸಿದವರಿಗೆ ತಿಪ್ಪೆಯ ಪಕ್ಕದಲ್ಲಿಯೋ ಪಾಳುಗೋಡೆಯ ಬುಡದಲ್ಲಿಯೋ ಮುಳ್ಳುಕಾಯಿ ಬಿಟ್ಟುಕೊಂಡು ನಿಂತ ಉಮ್ಮತ್ತಿಯ ಗಿಡ ಅಪರಿಚಿತವಲ್ಲ. ದತ್ತೂರಿ ಎಂದೂ ಇದಕ್ಕೆ ಹೆಸರುಂಟು. ಇದರ ಹೂವು ಶಿವನ ಪೂಜೆಗೆ ಸಲ್ಲುತ್ತದೆ. ಆದರೆ ಕಾಯಿಯನ್ನು ಮುಟ್ಟಿದ ಮಗುವನ್ನು ತಾಯಿ ಗದರಿಸಿ ಕೈ ತೊಳೆಸದೆ ಬಿಡಳು. ಆಕೆಯ ಭಯ ಸಕಾರಣವಾದದ್ದು. ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮೈ ಕಾಯುತ್ತದೆ, ಇಲ್ಲದ್ದನ್ನು ಕಂಡು ಬಡಬಡಿಸುವ ಸನ್ನಿ ಹಿಡಿಯುತ್ತದೆ. ಪ್ರಾಣವೇ ಹೋಗುವುದೂ ಉಂಟು.

ಈಗ ಆಸ್ಪತ್ರೆಯೊಂದರ ಒಳಕ್ಕೆ ಬರೋಣ. ದೇವನಹಳ್ಳಿಯ ದ್ರಾಕ್ಷಿ ತೋಟದಲ್ಲಿ ಕೀಟನಾಶಕವನ್ನು ಸಿಂಪಡಿಸುತ್ತಿದ್ದ ರೈತನೊಬ್ಬನು ವಿಷವನ್ನು ಉಸಿರಿನೊಡನೆ ಒಳಕ್ಕೆಳೆದುಕೊಂಡು ಬಿದ್ದನೆಂದು ಭಾವಿಸೋಣ. ನರಗಳ ಸಂದೇಶವನ್ನು ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು ಕೆಲಸ ಮುಗಿದೊಡನೆ ಒಂದು ಕಿಣ್ವದಿಂದ ಒಡೆದುಹೋಗಬೇಕು. ಆರ್ಗನೊಫಾಸ್ಫೇಟ್ ವರ್ಗದ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆ ದ್ರವ್ಯ ಮಿತಿಮೀರಿ ಸೇರಿಕೊಂಡು ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಶ್ವಾಸಮಾರ್ಗದಲ್ಲಿ ದ್ರವ ತುಂಬುತ್ತದೆ, ನಾಡಿ ಕುಗ್ಗುತ್ತದೆ. ಆಗ ವೈದ್ಯರು ಕೊಡುವ ಮದ್ದು ಅಟ್ರೋಪಿನ್. ಎಂದರೆ ಉಮ್ಮತ್ತಿಯ ಗಿಡದಲ್ಲಿರುವ ದ್ರವ್ಯವೇ! ಮಗುವಿನ ಬಾಯನ್ನು ಒಣಗಿಸಿದ ವಿಷವು ರೈತನ ಶ್ವಾಸಮಾರ್ಗವನ್ನು ಒಣಗಿಸಿ ಅವನನ್ನು ಬದುಕಿಸುತ್ತದೆ. ಮಿಲಿಗ್ರಾಮಿನಲ್ಲಿ ಅಳೆದ ಪ್ರಮಾಣ, ಪಕ್ಕದಲ್ಲಿ ಕುಳಿತು ನಾಡಿಯನ್ನು ನೋಡುವ ವೈದ್ಯರು, ಅವರು ಹೊತ್ತಿರುವ ಹೊಣೆ, ಇಷ್ಟೇ ಇಲ್ಲಿಯ ವ್ಯತ್ಯಾಸ.

ಇದೆಲ್ಲ ನಮ್ಮ ನೆನಪಿಗೆ ಬಂದುದು ಒಂದು ಪ್ರಶ್ನೆಯಿಂದ. ಈಚೆಗೆ ಪ್ರಯೋಗ ತರಗತಿ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹಿಂದೆ ಉಳಿದುಕೊಂಡಳು. ಆಕೆಯ ಅಣ್ಣ ಮಗ್ಗದ ಕೆಲಸದವನು. ಎರಡು ವರ್ಷಗಳಿಂದ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದರೂ ಮಗ್ಗದ ಮುಂದೆ ನಿಲ್ಲುವ ಮನಸ್ಸು ಅವನಿಗೆ ಮರಳಿ ಬಂದಿಲ್ಲ. “ಸಾರ್, ವಿದೇಶದಲ್ಲಿ ಒಂದು ಬಗೆಯ ಅಣಬೆಯಿಂದ ಇಂಥವರು ಗುಣವಾಗುತ್ತಾರಂತೆ. ನಮ್ಮಣ್ಣನಿಗೆ ಅದನ್ನು ತರಿಸಿ ಕೊಡಬಹುದೇ?” ಎಂದು ಕೇಳಿದಳು. ಖಂಡಿತ ಕೂಡದೆಂದು ನಾವು ಕೂಡಲೇ ಹೇಳಿದೆವು. “ಏಕೆ ಸಾರ್?” ಎಂದಳು. ಆ ಎರಡನೆಯ ಪ್ರಶ್ನೆಗೆ ಒಂದು ಮಾತಿನ ಉತ್ತರವಿಲ್ಲ. ಆದುದರಿಂದಲೇ ಈ ಲೇಖನ.

ಆಕೆ ಕೇಳಿದ ಅಣಬೆಯಲ್ಲಿರುವ ಸಾರಕ್ಕೆ ಸಿಲೊಸೈಬಿನ್ ಎಂದು ಹೆಸರು. ಇದೂ ಎಲ್.ಎಸ್.ಡಿ. ಎಂಬ ದ್ರವ್ಯವೂ ಸೈಕೆಡೆಲಿಕ್ ಎಂಬ ವರ್ಗಕ್ಕೆ ಸೇರಿದವು. ಉಮ್ಮತ್ತಿ ಈ ವರ್ಗದ್ದಲ್ಲ. ಅದು ಕವಿಸುವ ಸನ್ನಿಯ ರೀತಿಯೇ ಬೇರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಯಾಂಡೋಜ್ ಸಂಸ್ಥೆಯ ರಸಾಯನಶಾಸ್ತ್ರಜ್ಞರಾಗಿದ್ದ ಆಲ್ಬರ್ಟ್ ಹಾಫ್‌ಮನ್ನರು 1938ರಲ್ಲಿ ಎಲ್.ಎಸ್.ಡಿ.ಯನ್ನು ಮೊದಲು ತಯಾರಿಸಿದರು. 1943ರ ಏಪ್ರಿಲ್ 19ರಂದು ಅದನ್ನು ತಾವೇ ಸೇವಿಸಿ ಪರೀಕ್ಷಿಸಿದರು. ತೆಗೆದುಕೊಂಡುದು 250 ಮೈಕ್ರೊಗ್ರಾಂ. ಅತ್ಯಲ್ಪವೆಂದು ಬಗೆದ ಆ ಪ್ರಮಾಣವೇ ಅವರನ್ನು ಗಂಟೆಗಟ್ಟಲೆ ಭಯಭ್ರಾಂತರನ್ನಾಗಿ ಮಾಡಿತು. ಮುಂದೆ 1958ರಲ್ಲಿ ಅಣಬೆಯಿಂದ ಸಿಲೊಸೈಬಿನ್ನನ್ನು ಬೇರ್ಪಡಿಸಿ ಪ್ರಕಟಿಸಿದವರೂ ಅವರೇ.

ಆ 250 ಮೈಕ್ರೊಗ್ರಾಂ ಎಂದರೆ ಎಷ್ಟು? ಲೆಕ್ಕ ಹಾಕಿ ನೋಡೋಣ. ಅಡುಗೆಯ ಪುಡಿ ಉಪ್ಪಿನ ಒಂದು ಹರಳು ಅಂಚಿಗೆ 0.3 ಮಿಲಿಮೀಟರ್ ಇರುವ ಘನವೆಂದು ಇಟ್ಟುಕೊಂಡರೆ ಅದರ ಗಾತ್ರ 0.027 ಘನ ಮಿಲಿಮೀಟರ್. ಉಪ್ಪಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.16 ಗ್ರಾಂ. ಹರಳಿನ ತೂಕ ಸುಮಾರು 58 ಮೈಕ್ರೊಗ್ರಾಂ ಆಯಿತು. ನಾಲ್ಕು ಹರಳು ಉಪ್ಪಿನಷ್ಟು ತೂಕದ ವಸ್ತು ಒಬ್ಬ ಮನುಷ್ಯನ ಲೋಕವನ್ನು ತಲೆಕೆಳಗು ಮಾಡಿತು! ಒಂದು ಮಿಲಿಗ್ರಾಮಿನವರೆಗೆ ತೂಗಬಲ್ಲ ತಕ್ಕಡಿಯನ್ನು ನಮ್ಮ ವಿದ್ಯಾರ್ಥಿಗಳು ಬಹು ಸೂಕ್ಷ್ಮವಾದದ್ದೆಂದು ತಿಳಿದಿದ್ದಾರೆ. ಆದರೆ ಈ ಪ್ರಮಾಣವು ಆ ಮಿಲಿಗ್ರಾಮಿನ ಕಾಲುಭಾಗ ಮಾತ್ರ. ಕಳ್ಳಪೇಟೆಯಲ್ಲಿ ಕಾಗದದ ಚೂರಿಗೆ ತೊಟ್ಟಿಕ್ಕಿಸಿ ಮಾರುವವನು ಅದರಲ್ಲಿ ಎಷ್ಟಿದೆ, ಏನಿದೆ ಎಂಬುದನ್ನು ಹೇಗೆ ಬಲ್ಲನು? ಕೊಳ್ಳುವವನಂತೂ ತಿಳಿಯಲಾರನು. ಅಣಬೆಯಲ್ಲಿಯೂ ಸಾರದ ಪ್ರಮಾಣ ಒಂದೊಂದರಲ್ಲಿ ಒಂದೊಂದು ಬಗೆ. ಕಾಡಿನಲ್ಲಿ ಆರಿಸಿದ್ದಾದರೆ ನಂಜಿನ ಅಣಬೆಯೇ ಕೈಗೆ ಸಿಕ್ಕಬಹುದು. ಮನೆಯಲ್ಲಿ ಕೊಡಕೂಡದೆಂದು ನಾವು ಹೇಳಿದುದಕ್ಕೆ ಇದು ಮೊದಲನೆಯ ಕಾರಣ.

ಹಾಗಾದರೆ ಆಸ್ಪತ್ರೆಯಲ್ಲಿ, ಶುದ್ಧವಾದ ವಸ್ತುವನ್ನು, ಸರಿಯಾಗಿ ಅಳೆದು ಕೊಟ್ಟರೆ ಪ್ರಯೋಜನ ಉಂಟೇ? ದೇಹದಲ್ಲಿ ಸಿಲೊಸೈಬಿನ್ ಸಿಲೊಸಿನ್ ಎಂಬ ರೂಪವನ್ನು ತಾಳುತ್ತದೆ. ಮಿದುಳಿನಲ್ಲಿ ಸಹಜವಾಗಿರುವ ಸೆರೊಟೊನಿನ್ನಿಗೂ ಇದಕ್ಕೂ ಅಣುರಚನೆಯಲ್ಲಿ ಸಾಮ್ಯವಿದೆ. ಬೀಗಕ್ಕೆ ಹೊಂದುವ ಮರುಕೀಲಿಯಂತೆ ಇದು ಸೆರೊಟೊನಿನ್ನಿನ ಗ್ರಾಹಕಗಳಿಗೆ ಕೂಡಿಕೊಳ್ಳುತ್ತದೆ. 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹಲವು ಔಷಧಗಳಿಗೂ ಬಗ್ಗದ ಖಿನ್ನತೆಯಿಂದ ನರಳುತ್ತಿದ್ದ 233 ಜನರಿಗೆ 25, 10 ಅಥವಾ 1 ಮಿಲಿಗ್ರಾಂ ಸಿಲೊಸೈಬಿನ್ನನ್ನು ಒಂದೇ ಸಲ ಕೊಡಲಾಯಿತು. ಖಿನ್ನತೆಯನ್ನು 60 ಅಂಕಗಳಲ್ಲಿ ಅಳೆಯುವ ಮಾನದಲ್ಲಿ ಮೂರು ವಾರಗಳ ತರುವಾಯ 25 ಮಿಲಿಗ್ರಾಂ ಪಡೆದವರ ಅಂಕ ಸರಾಸರಿ 12ರಷ್ಟು ಇಳಿದಿತ್ತು. 1 ಮಿಲಿಗ್ರಾಂ ಪಡೆದವರದು 5.4ರಷ್ಟು ಮಾತ್ರ. ಬೇರೆ ಮದ್ದುಗಳು ಸೋತ ಕಡೆ ಇಂಥ ವ್ಯತ್ಯಾಸ ಅಲಕ್ಷಿಸತಕ್ಕದ್ದಲ್ಲ.

ಆದರೆ ಪೂರ್ಣ ಸತ್ಯವನ್ನು ಹೇಳಬೇಕಾದರೆ ಉಳಿದುದನ್ನೂ ಹೇಳಬೇಕು. ಹನ್ನೆರಡು ವಾರಗಳವರೆಗೆ ಗುಣ ನಿಂತದ್ದು 25 ಮಿಲಿಗ್ರಾಂ ಪಡೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ. ತಲೆನೋವು, ವಾಕರಿಕೆ, ತಲೆಸುತ್ತು ಬಹುಮಂದಿಗೆ ಕಾಣಿಸಿದವು. ವಂಶದಲ್ಲಿ ಚಿತ್ತವಿಕಲತೆಯ ರೋಗವಿರುವವರನ್ನು ಇಂಥ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅವರಲ್ಲಿ ರೋಗ ಕೆರಳುವ ಭಯವುಂಟು. ಇನ್ನೊಂದು ತೊಡಕು ವಿಜ್ಞಾನದ ವಿದ್ಯಾರ್ಥಿಗಳು ವಿಚಾರಮಾಡಬೇಕಾದದ್ದು. ಔಷಧದ ಪರೀಕ್ಷೆಯಲ್ಲಿ ತನಗೆ ಸಿಕ್ಕಿದ್ದು ನಿಜವಾದ ಮದ್ದೋ ಹುಸಿ ಗುಳಿಗೆಯೋ ಎಂಬುದು ರೋಗಿಗೆ ತಿಳಿಯಬಾರದು. ಗೋಡೆಯ ಬಣ್ಣಗಳು ಅಲೆಯತೊಡಗಿದರೆ ಯಾರಿಗೆ ತಾನೆ ತಿಳಿಯದು? ಗುಣ ಮದ್ದಿನಿಂದ ಎಷ್ಟು, ನಂಬಿಕೆಯಿಂದ ಎಷ್ಟು ಎಂದು ಬಿಡಿಸುವುದು ಆಗ ಕಷ್ಟವಾಗುತ್ತದೆ. ಎಂ.ಡಿ.ಎಂ.ಎ. ಎಂಬ ಇನ್ನೊಂದು ದ್ರವ್ಯದ ವಿಷಯದಲ್ಲಿ ಈ ಸಂದೇಹವೂ ಎದ್ದಿತ್ತು. 2024ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಡದೆ ಮತ್ತಷ್ಟು ಪರೀಕ್ಷೆ ಬೇಕೆಂದಿತು. ಆಸ್ಟ್ರೇಲಿಯವಾದರೋ 2023ರ ಜುಲೈ 1ರಿಂದ ವಿಶೇಷ ಅಧಿಕಾರ ಪಡೆದ ಮನೋವೈದ್ಯರು ಮಾತ್ರ ಕೆಲವು ರೋಗಿಗಳಿಗೆ ಇವನ್ನು ಕೊಡಬಹುದೆಂದು ವಿಧಿಸಿದೆ. ಬಲ್ಲವರಲ್ಲಿಯೇ ಇನ್ನೂ ಒಮ್ಮತವಿಲ್ಲ.

ಹೀಗಿರುವಲ್ಲಿ ನಮ್ಮ ದೇಶ ಮಾಡಬೇಕಾದದ್ದೇನು? 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ಪದಾರ್ಥಗಳ ಕಾಯಿದೆಯ ಪಟ್ಟಿಯಲ್ಲಿ ಎಲ್.ಎಸ್.ಡಿ., ಸಿಲೊಸೈಬಿನ್ ಎರಡೂ ಸೇರಿವೆ. ಶಿಕ್ಷೆ ಕಠಿನವಾದದ್ದು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದೇ ಕಾಯಿದೆಯ ಎಂಟನೆಯ ಪ್ರಕರಣವು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ, ವಿಧಿಸಿದ ಕ್ರಮದಲ್ಲಿ, ಅವಕಾಶವನ್ನು ಇಟ್ಟಿದೆ. ಬಾಗಿಲು ಇದೆ, ಅದನ್ನು ತೆರೆಯುವ ವಿವೇಕ ಬೇಕು.

ಆ ವಿವೇಕ ತಪ್ಪಿದರೆ ಏನಾಗುವುದೆಂಬುದನ್ನು ಮಾರ್ಫಿನ್ನಿನ ಕಥೆ ಹೇಳುತ್ತದೆ. ಕಾನೂನಿನ ಅನುಮತಿಯಿಂದ ಅಫೀಮು ಬೆಳೆಯುವ ದೇಶ ನಮ್ಮದು. ಕ್ಯಾನ್ಸರಿನ ಕಡೆಯ ಹಂತದ ಅಸಹನೀಯ ನೋವಿಗೆ ಅದರಿಂದ ತೆಗೆದ ಮಾರ್ಫಿನ್ನಿನಂಥ ಮದ್ದು ವಿರಳ. ಆದರೆ 1985ರ ಕಾಯಿದೆಯ ಬಳಿಕ ರಹದಾರಿಯ ಮೇಲೆ ರಹದಾರಿ ಬೇಕಾಗಿ, ಆಸ್ಪತ್ರೆಗಳು ಅದನ್ನು ಇಡುವುದಕ್ಕೇ ಅಂಜಿದವು. ಅದರ ವೈದ್ಯಕೀಯ ಬಳಕೆ ಹನ್ನೆರಡು ವರ್ಷಗಳಲ್ಲಿ ಹತ್ತರಲ್ಲೊಂದು ಪಾಲಿಗಿಂತಲೂ ಕೆಳಕ್ಕೆ ಬಿತ್ತು. ಕಳ್ಳಸಾಗಣೆಗಾರನಿಗೆ ಹಾಕಿದ ಬೇಲಿ ಹಾಸಿಗೆ ಹಿಡಿದ ರೋಗಿಯನ್ನು ಚುಚ್ಚಿತು. 2014ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಮಾರ್ಫಿನ್ ಮುಂತಾದವನ್ನು ಅತ್ಯಗತ್ಯ ಮಾದಕ ಔಷಧಗಳೆಂದು ಗುರುತಿಸಲು ಅವಕಾಶ ಮಾಡಿತು. ಅಷ್ಟರಲ್ಲಿ ಸುಮಾರು ಮೂವತ್ತು ವರ್ಷ ಕಳೆದಿತ್ತು. ಅಷ್ಟು ಕಾಲ ನೋವಿನಲ್ಲೇ ಸತ್ತವರಿಗೆ ಉತ್ತರ ಹೇಳುವವರು ಯಾರು?

ಹದವಾದ ನಿಯಂತ್ರಣ ನಮ್ಮಲ್ಲಿ ಸಾಧ್ಯವೆಂಬುದಕ್ಕೆ ಕೆಟಮಿನ್ ಸಾಕ್ಷಿ. 1962ರಲ್ಲಿ ತಯಾರಾದ ಈ ಅರಿವಳಿಕೆಯ ಮದ್ದಿನ ಅಲ್ಪ ಪ್ರಮಾಣವು ಖಿನ್ನತೆಯನ್ನು ಬೇಗ ತಗ್ಗಿಸುವುದೆಂದು 2000ದಿಂದೀಚೆಗೆ ಕಂಡುಬಂದಿದೆ. ದುರುಪಯೋಗ ಹೆಚ್ಚಿದುದರಿಂದ 2011ರಲ್ಲಿ ಇದನ್ನೂ ಕಾಯಿದೆಯ ಪಟ್ಟಿಗೆ ಸೇರಿಸಲಾಯಿತು. ಆದರೂ ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಅದು ಮಾಯವಾಗಲಿಲ್ಲ. ಲೆಕ್ಕದ ಪುಸ್ತಕದೊಡನೆ, ಬೀಗದ ಕಪಾಟಿನಲ್ಲಿ, ವೈದ್ಯರ ಕೈಯಲ್ಲಿ ಉಳಿದಿದೆ.

ಸಿಲೊಸೈಬಿನ್ನಿನ ಪರೀಕ್ಷೆಗೂ ಇಂಥದೇ ವ್ಯವಸ್ಥೆ ಆಗಬೇಕೆಂಬುದು ನಮ್ಮ ಅಭಿಪ್ರಾಯ. ಅಂಗಡಿಯಲ್ಲಿ ಮಾರುವ ಮಾತೇ ಇಲ್ಲ; ಮನೆಗೆ ಕೊಂಡೊಯ್ಯುವ ಮಾತೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅಂಥ ಸಂಸ್ಥೆಗಳಲ್ಲಿ, ನೀತಿಸಮಿತಿಯ ಒಪ್ಪಿಗೆಯಿಂದ, ಶುದ್ಧತೆಯನ್ನು ಪರೀಕ್ಷಿಸಿದ ಮದ್ದನ್ನು, ಮೊದಲೂ ಆಮೇಲೂ ರೋಗಿಯೊಡನೆ ಕುಳಿತು ಮಾತನಾಡುವ ತರಬೇತಾದವರ ಸಮಕ್ಷಮದಲ್ಲಿ ಕೊಟ್ಟು ನೋಡಬೇಕು. ಗೆಲುವಿನಷ್ಟೇ ಸೋಲನ್ನೂ ಪ್ರಕಟಿಸಬೇಕು. ಪರದೇಶದ ರೋಗಿಗಳ ಅಂಕಗಳನ್ನು ತಂದು ನಮ್ಮವರಿಗೆ ಹೊಂದಿಸಿದರೆ ಸಾಲದು. ನಮ್ಮ ಜನರ ಊಟ, ನಿದ್ರೆ, ಭಯ, ಭಕ್ತಿ, ಸೇವಿಸುವ ಇತರ ಔಷಧಗಳು ಎಲ್ಲವೂ ಬೇರೆ.

ಬಾಗಿಲನ್ನು ಬೆರಳಗಲ ತೆರೆದರೂ ಕಳ್ಳರು ನುಗ್ಗುವರೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಕಳ್ಳಪೇಟೆಗೆ ಸಂಶೋಧನಾಲಯದ ಬಾಗಿಲು ಬೇಕಾಗಿಲ್ಲ. ಅದು ಈಗಾಗಲೇ ತನ್ನ ದಾರಿಯನ್ನು ಮಾಡಿಕೊಂಡಿದೆ. ಮುಚ್ಚಿದ ಬಾಗಿಲಿನಿಂದ ಹೊರಗೆ ಉಳಿಯುವವರು ವಿಜ್ಞಾನಿಯೂ ರೋಗಿಯೂ ಮಾತ್ರ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದುಂಟು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ರೋಗವುಳ್ಳವರಲ್ಲಿ, ರೋಗದ ಬಗೆಗೆ ಅನುಗುಣವಾಗಿ, ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯೇ ಇಲ್ಲದೆ ಉಳಿದಿದ್ದಾರೆ. ಸಾಧಾರಣ ಮಾತ್ರೆಯೇ ಹಳ್ಳಿಗೆ ತಲುಪದಿರುವಾಗ ಈ ಹೊಸ ಮದ್ದಿನ ಚಿಂತೆ ಏಕೆ? ಮಾತು ನ್ಯಾಯವಾದದ್ದೇ. ಆದರೆ ಎರಡು ಕೆಲಸಗಳೂ ಒಂದನ್ನೊಂದು ತಡೆಯಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯಬಹುದೆಂದು ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಹೊಸ ಮದ್ದು ಸಿದ್ಧಿಸಿದ ದಿನ ಅದು ಬೆಂಗಳೂರಿನ ಧನಿಕನ ಬಳಿಯೇ ನಿಲ್ಲದೆ ನೆಲಮಂಗಲದ ಕೂಲಿಕಾರನಿಗೂ ಎಟುಕಬೇಕಾದರೆ ಆ ಹಾದಿಯನ್ನು ಈಗಲೇ ಗಟ್ಟಿಮಾಡಬೇಕು.

ಕಡೆಗೆ ಆ ವಿದ್ಯಾರ್ಥಿನಿಗೆ ನಾವು ಹೇಳಿದುದನ್ನು ಇಲ್ಲಿ ಬರೆಯುತ್ತೇವೆ. “ಅಣ್ಣನ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಎರಡು ವರ್ಷವಾದರೂ ಗುಣವಿಲ್ಲವೆಂಬುದನ್ನು ಮನೋವೈದ್ಯರಿಗೆ ಬಿಡಿಸಿ ಹೇಳಿ. ಪ್ರಮಾಣವನ್ನು ತಿದ್ದಬಹುದು, ಮದ್ದನ್ನು ಬದಲಿಸಬಹುದು, ಮಾತಿನ ಚಿಕಿತ್ಸೆಯುಂಟು, ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆಯೂ ಉಂಟು. ನಡುರಾತ್ರಿ ಅಣ್ಣನ ಮನಸ್ಸು ತೀರ ಕುಸಿದರೆ 14416 ಸಂಖ್ಯೆಗೆ ದೂರವಾಣಿ ಮಾಡಿ. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡುವವರು ಸಿಕ್ಕುತ್ತಾರೆ.” ಆಕೆ ಸಂಖ್ಯೆಯನ್ನು ಪ್ರಯೋಗದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ಆಮೇಲೆ, “ಆ ಅಣಬೆಯನ್ನು ನಮ್ಮ ದೇಶದಲ್ಲಿ ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಬೇಕಲ್ಲವೇ ಸಾರ್?” ಎಂದಳು.

ಮಾಡಬೇಕು. ಈ ಪುಟಗಳನ್ನು ಓದುತ್ತಿರುವ ನಿಮ್ಮಲ್ಲಿ ಒಬ್ಬರು ಮುಂದೆ ಆ ಪರೀಕ್ಷೆಯನ್ನು ನಡೆಸುವವರಾಗಲಿ. ಅಲ್ಲಿಯವರೆಗೆ ಆ ವಸ್ತು ನಿಮ್ಮ ನಾಲಗೆಯ ಮೇಲೆ ಬೀಳದಿರಲಿ.