ಹೂವಿನ ಹಾರ ಸಾಕು, ಪೇ ಸ್ಲಿಪ್ ಕೊಡಿ



2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೀದಿಗಿಳಿದ್ರು. ನಾಲ್ಕೇ ದಿನಕ್ಕೆ ಸರ್ಕಾರ ಕಾಯಂ ಮಾಡ್ತೀವಿ ಅಂತು. 2025ರ ಮೇ ದಿನ ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಂ ಆದೇಶ ಸಿಕ್ತು. ಇದು ಹೋರಾಟದ ಗೆಲುವು, ಯಾರ ಭಿಕ್ಷೆಯೂ ಅಲ್ಲ.

ಆದ್ರೆ ಅದೇ ಕಸ ಹೊರುವ ಆಟೋ ಡ್ರೈವರ್‌ಗಳು, ಲೋಡರ್‌ಗಳು? ಎಷ್ಟೋ ಊರುಗಳಲ್ಲಿ ಇನ್ನೂ ಗುತ್ತಿಗೆದಾರನ ಕೈಕೆಳಗೇ ಇದ್ದಾರೆ. ರಜೆ ಹಾಕಿದ್ರೆ ಸಂಬಳ ಕಟ್. ಪಿಎಫ್ ಕಟ್ಟಿದ್ದಾರೋ ಇಲ್ವೋ ಗೊತ್ತಿಲ್ಲ. ಪಾಲಿಕೆ ಗುಮಾಸ್ತನ ಪಿಎಫ್ ನುಂಗೋ ಧೈರ್ಯ ಯಾರಿಗಿದೆ? ದಲಿತರೇ ಹೆಚ್ಚಿರೋ ಕೆಲಸ ಅಂದ್ರೆ ಮಾತ್ರ ಗುತ್ತಿಗೆ ನೆನಪಾಗುತ್ತೆ. ಇದು ಖರ್ಚಿನ ಲೆಕ್ಕ ಅಲ್ಲ, ಜಾತಿಯ ಲೆಕ್ಕ.

ಗುತ್ತಿಗೆದಾರ ಸಂಬಳ ಬಾಕಿ ಇಟ್ರೆ ಕೊಡೋ ಹೊಣೆ ಪಾಲಿಕೆಯದ್ದೇ. ಕಾನೂನೇ ಹಾಗಿದೆ. ನಿಮ್ಮ ಬೀದಿಗೆ ಬರೋ ಗಾಡಿಯವರನ್ನ ನಾಳೆ ಕೇಳಿ: ಪೇ ಸ್ಲಿಪ್, ಇಎಸ್‌ಐ ಕಾರ್ಡ್ ಇದೆಯಾ? ಇಲ್ಲ ಅಂದ್ರೆ ಅವರ ಜೊತೆ ಕಚೇರಿಗೆ ಹೋಗಿ ನಿಲ್ಲಿ.