ಒಬ್ಬೊಬ್ಬರ ಕಿವಿಯಲ್ಲಿ ಹೇಳುವ ಪರಿಹಾರ

ತಾವು ಮಾರಿದ ವಾಹನದಲ್ಲಿ ಸುರಕ್ಷತೆಯ ದೋಷವಿದೆಯೆಂದು ಕಾರು ಕಂಪನಿಯವರೇ ಒಪ್ಪಿಕೊಂಡು, ಅದನ್ನು ಹಿಂದಕ್ಕೆ ಕರೆಸಿ ಸರಿಪಡಿಸಿಕೊಡುವುದಕ್ಕೆ ‘ರೀಕಾಲ್’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಈ ಸುದ್ದಿ ಆಗಾಗ ಬರುತ್ತದೆ. ನಾವು ಓದಿ ಪುಟ ಮಗುಚುತ್ತೇವೆ. ದಾವಣಗೆರೆಯಲ್ಲಿರುವ ನನ್ನ ಸೋದರಳಿಯನ ಮನೆಗೆ ಅಂಥದೊಂದು ಕಾಗದ ಬಂದ ಮೇಲೆಯೇ ನಾನು ಈ ವಿಷಯವನ್ನು ಕುಳಿತು ಓದಿದ್ದು. ಅವನ ಕಾರಿನ ಫ್ಯುಯೆಲ್ ಪಂಪ್ ದೋಷಯುಕ್ತವಾಗಿತ್ತು. ಕಾಗದ ಬರುವುದಕ್ಕೆ ಐದು ತಿಂಗಳು ಮೊದಲೇ, ಒಂದು ರಾತ್ರಿ, ಹೆಂಡತಿ ಮಕ್ಕಳು ಒಳಗಿರುವಾಗ ಆ ಕಾರು ಹೆದ್ದಾರಿಯ ನಡುವೆ ನಿಂತುಹೋಗಿತ್ತು. ಹಿಂದೆ ಬರುತ್ತಿದ್ದ ಲಾರಿಯ ಚಾಲಕ ಪುಣ್ಯಕ್ಕೆ ಎಚ್ಚರವಾಗಿದ್ದ. ಕಾರನ್ನು ಎಳೆಸಿಕೊಂಡು ಹೋದ ಖರ್ಚು, ಗ್ಯಾರೇಜಿನ ಖರ್ಚು ಎಲ್ಲವೂ ಅಳಿಯನ ತಲೆಗೇ ಬಂತು. ರೀಕಾಲ್ ಆದ ಮೇಲೆ ಷೋರೂಮಿನವರು ಹೊಸ ಪಂಪನ್ನೇನೋ ಹಾಕಿಕೊಟ್ಟರು. ಹಳೆಯ ಖರ್ಚಿನ ಮಾತೆತ್ತಿದಾಗ ಮ್ಯಾನೇಜರು ಒಳಗೆ ಕರೆದು, “ನಿಮಗೊಬ್ಬರಿಗೆ ಮಾತ್ರ ಸರ್, ಎರಡು ವರ್ಷ ವಾರಂಟಿ ಹೆಚ್ಚಿಗೆ ಕೊಡುತ್ತೇವೆ. ಇಲ್ಲೊಂದು ಸಹಿ ಹಾಕಿಬಿಡಿ, ಬೇರೆಯವರಿಗೆ ಹೇಳುವುದು ಬೇಡ” ಎಂದರಂತೆ. ಸಹಿ ಹಾಕಬೇಕಾಗಿದ್ದ ಹಾಳೆಯಲ್ಲಿ, ತನಗೆ ಪೂರ್ಣ ಸಮಾಧಾನವಾಗಿದೆ, ಇನ್ನು ಯಾವ ದೂರೂ ಇಲ್ಲ ಎಂದಿತ್ತು.

“ಮಾವ, ಹಾಕಿಬಿಡಲೇ?” ಎಂದು ಫೋನಿನಲ್ಲಿ ಕೇಳಿದ. ಬೇಡವೆಂದೆ. ಏಕೆ ಬೇಡವೆಂದೆ ಎಂಬುದನ್ನು ಫೋನಿನಲ್ಲಿ ವಿವರಿಸಲಾಗಲಿಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲಿಯೂ ಕಾರುಗಳಿರುವುದರಿಂದ ಎಲ್ಲರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಸುರಕ್ಷತೆಯ ದೋಷಕ್ಕೆ ಪರಿಹಾರವನ್ನು ಒಬ್ಬೊಬ್ಬರಾಗಿ ಗುಟ್ಟಿನಲ್ಲಿ ಪಡೆಯುವುದಕ್ಕಿಂತ, ಹತ್ತರಲ್ಲೊಂದು ಪಾಲು ಸಿಕ್ಕಿದರೂ ಗುಂಪಾಗಿ, ಬಹಿರಂಗವಾಗಿ ಕೇಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮೊದಲಾದ ಸಣ್ಣ ಕಾರುಗಳ ಇಗ್ನಿಷನ್ ಸ್ವಿಚ್ಚಿನಲ್ಲಿ ದೋಷವಿತ್ತು. ನನ್ನ ಭೌತಶಾಸ್ತ್ರದ ಪಾಠ ಮರೆಯದವರಿಗೆ ಇದು ಸುಲಭವಾಗಿ ಅರ್ಥವಾದೀತು. ಕೀಲಿಯನ್ನು ಅದರ ಸ್ಥಾನದಲ್ಲಿ ಹಿಡಿದಿಡಬೇಕಾದ ಸ್ಪ್ರಿಂಗಿನ ಬಲ ಸಾಲದು. ತಿರುಗಿಸಲು ಬೇಕಾದ ಬಲ ತೀರ ಕಡಿಮೆ. ಗೊಂಚಲಿನ ಭಾರಕ್ಕೋ, ರಸ್ತೆಯ ಕುಲುಕಾಟಕ್ಕೋ, ಮೊಣಕಾಲು ತಗುಲಿದ್ದಕ್ಕೋ ಕೀಲಿ ತಾನಾಗಿ ಹಿಂದಕ್ಕೆ ತಿರುಗಿಬಿಡುತ್ತಿತ್ತು. ಓಡುತ್ತಿರುವ ಕಾರಿನ ಎಂಜಿನ್ ಆರಿತು. ಅದರೊಂದಿಗೆ ಪವರ್ ಸ್ಟೀರಿಂಗೂ ಬ್ರೇಕಿನ ನೆರವೂ ಹೋಯಿತು. ಎಲ್ಲಕ್ಕಿಂತ ಘೋರವೆಂದರೆ, ಢಿಕ್ಕಿಯಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಕಂಪನಿಯ ಎಂಜಿನಿಯರುಗಳಿಗೆ 2001ರಲ್ಲಿಯೇ ಇದರ ಸುಳಿವಿತ್ತು. 2005ರಲ್ಲಿ ದುರಸ್ತಿಯ ಸಲಹೆ ಬಂದಾಗ ವೆಚ್ಚದ ಕಾರಣಕ್ಕೆ ಅದನ್ನು ಕೈಬಿಟ್ಟರು. ಅದರ ಬದಲು ಡೀಲರುಗಳಿಗೆ ಒಂದು ಸೂಚನೆ ಹೋಯಿತು: ಕೀಲಿಗೊಂಚಲಿನಿಂದ ಅನವಶ್ಯಕ ವಸ್ತುಗಳನ್ನು ತೆಗೆದುಹಾಕಲು ಗ್ರಾಹಕರಿಗೆ ಹೇಳಿ, ಎಂದು! 2014ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಹೊರಬಿದ್ದ ಲೆಕ್ಕದಂತೆ ಬಿಡಿಭಾಗವೊಂದಕ್ಕೆ ಆಗಬಹುದಾಗಿದ್ದ ವೆಚ್ಚ 57 ಸೆಂಟ್. ಒಂದು ಡಾಲರೂ ಅಲ್ಲ.

ಆ ನಡುವಿನ ವರ್ಷಗಳಲ್ಲಿ ಯಾರೂ ದಾವೆ ಹೂಡಲಿಲ್ಲವೆಂದಲ್ಲ. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಕೋರ್ಟಿಗೆ ಹೋದವು. ಕಂಪನಿ ಒಂದೊಂದನ್ನೂ ಪ್ರತ್ಯೇಕವಾಗಿ, ಗೋಪ್ಯತೆಯ ಷರತ್ತಿನೊಂದಿಗೆ ರಾಜಿ ಮಾಡಿ ಮುಗಿಸುತ್ತ ಬಂತು. ಹೀಗಾಗಿ ಒಂದು ಊರಿನ ತಾಯಿಗೆ ತಿಳಿದದ್ದು ಇನ್ನೊಂದು ಊರಿನ ತಾಯಿಗೆ ತಿಳಿಯಲಿಲ್ಲ. 2010ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ತೀರಿಕೊಂಡ ಯುವ ನರ್ಸೊಬ್ಬಳ ಮೊಕದ್ದಮೆಯಲ್ಲಿ, ಅವರ ಕಡೆಯ ಎಂಜಿನಿಯರ್ ಅಂಗಡಿಯಿಂದ ಹೊಸದೊಂದು ಸ್ವಿಚ್ ಕೊಂಡುತಂದು ಹಳೆಯದರೊಡನೆ ಹೋಲಿಸಿದ. ಎರಡಕ್ಕೂ ಒಂದೇ ನಂಬರು, ಆದರೆ ಒಳಗಿನ ರಚನೆ ಬೇರೆ! ಅಂದರೆ ಕಂಪನಿಯಲ್ಲಿ ಯಾರೋ ಸದ್ದಿಲ್ಲದೆ ದೋಷವನ್ನು ತಿದ್ದಿದ್ದರು, ನಂಬರನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಆ ದಾವೆಯೂ 2013ರಲ್ಲಿ ರಾಜಿಯಾಯಿತು. ಆದರೆ ಗುಟ್ಟು ಅಷ್ಟರಲ್ಲಿ ಬಯಲಾಗಿತ್ತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳ ರೀಕಾಲ್ ಆಯಿತು.

ಆಗ ಕಂಪನಿ ಹೇಳಿದ ಸಾವಿನ ಸಂಖ್ಯೆ 13. ಬಳಿಕ ಪರಿಹಾರ ನಿಧಿಯೊಂದನ್ನು ಸ್ಥಾಪಿಸಿ, ಕೆನೆತ್ ಫೈನ್‌ಬರ್ಗ್ ಎಂಬ ವಕೀಲರು ಎಲ್ಲ ಅರ್ಜಿಗಳನ್ನೂ ಒಂದೇ ಮೇಜಿನ ಮೇಲಿಟ್ಟು ಪರಿಶೀಲಿಸಿದಾಗ ಒಪ್ಪಿತವಾದ ಸಾವುಗಳು 124. ಈ ಎರಡು ಅಂಕಿಗಳ ನಡುವಣ ಅಂತರವನ್ನು ಓದುಗರು ಒಂದು ಕ್ಷಣ ಯೋಚಿಸಬೇಕೆಂದು ಕೋರುತ್ತೇನೆ. ಬೇರೆ ಬೇರೆ ಮೇಜುಗಳ ಮೇಲಿದ್ದಷ್ಟು ಕಾಲ ಅವು ಬಿಡಿ ಅಪಘಾತಗಳಾಗಿದ್ದವು.

ನಿಧಿ ಪ್ರಾಣಹಾನಿಗೆ, ಗಾಯಕ್ಕೆ. ಕಾರಿನ ಬೆಲೆ ಕುಸಿಯಿತು, ದುರಸ್ತಿಗಾಗಿ ದಿನಗಳು ವ್ಯರ್ಥವಾದವು ಎಂಬ ಲಕ್ಷಾಂತರ ಮಾಲೀಕರ ಅಹವಾಲು ನ್ಯೂಯಾರ್ಕಿನ ಕೋರ್ಟಿನಲ್ಲಿ ಸಾಮೂಹಿಕ ದಾವೆಯಾಗಿ ಆರು ವರ್ಷ ನಡೆಯಿತು. 2009ರಲ್ಲಿ ದಿವಾಳಿಯೆದ್ದು ಹೊಸದಾಗಿ ಹುಟ್ಟಿದ ಕಂಪನಿ ತಾವು, ಹಳೆಯ ಪಾಪ ತಮಗೆ ಅಂಟದು ಎಂಬ ವಾದವನ್ನು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. ಒಬ್ಬಂಟಿ ಮಾಲೀಕ ಅಷ್ಟು ದೂರ ಹೋಗಿ ಹೋರಾಡುವುದು ಸಾಧ್ಯವೇ? ಆದರೂ 2019ರಲ್ಲಿ ದೊಡ್ಡ ಪೆಟ್ಟು ಬಿತ್ತು: ದುರಸ್ತಿಯಾದ ಮೇಲೂ ಬೆಲೆ ಕುಸಿಯಿತೆಂಬುದಕ್ಕೆ ಸರಿಯಾದ ಸಾಕ್ಷ್ಯವಿಲ್ಲವೆಂದು ನ್ಯಾಯಾಧೀಶರು ಹೇಳಿಬಿಟ್ಟರು. ಕೊನೆಗೆ 2020ರಲ್ಲಿ 12 ಕೋಟಿ ಡಾಲರಿಗೆ ರಾಜಿಯಾಯಿತು. ತಲೆಗೆ ಹಂಚಿದರೆ ಅದು ಅತ್ಯಲ್ಪ. ವಕೀಲರಿಗೆ ಮಾತ್ರ 3.45 ಕೋಟಿ ಡಾಲರುಗಳವರೆಗೆ ಪ್ರತ್ಯೇಕ ಶುಲ್ಕ. “ಹೀಗಾದರೆ ಲಾಭ ಯಾರಿಗೆ ಮೇಷ್ಟ್ರೇ?” ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ವಕೀಲರು ಕೊಬ್ಬಿದರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಸಾಮೂಹಿಕ ದಾವೆಯ ರಾಜಿಗೆ ನ್ಯಾಯಾಧೀಶರ ಒಪ್ಪಿಗೆ ಬೇಕು, ಬಹಿರಂಗ ವಿಚಾರಣೆ ನಡೆಯಬೇಕು, ಗುಂಪಿನ ಯಾವ ಸದಸ್ಯನಾದರೂ ಎದ್ದು ಆಕ್ಷೇಪಿಸಬಹುದು. ಮ್ಯಾನೇಜರರ ಕೋಣೆಯಲ್ಲಿ ಸಹಿ ಹಾಕಿಸಿಕೊಳ್ಳುವ ಹಾಳೆಗೆ ಈ ಗುಣ ಯಾವುದೂ ಇಲ್ಲ.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಇಂಥ ದಾವೆಯ ನೋಟೀಸು ಅಂಚೆಯಲ್ಲಿ ಬಂದರೆ ಜಾಹೀರಾತೆಂದು ಬುಟ್ಟಿಗೆ ಎಸೆಯಬೇಡಿ. ಹೊರಗುಳಿಯುತ್ತೇನೆಂದು ಗಡುವಿನೊಳಗೆ ಬರೆದು ತಿಳಿಸದಿದ್ದರೆ ನೀವು ಸಾಮಾನ್ಯವಾಗಿ ಗುಂಪಿನೊಳಗೇ ಇರುತ್ತೀರಿ. ಅರ್ಜಿ ತುಂಬಬೇಕೆಂದು ಹೇಳಿದ್ದಲ್ಲಿ ತುಂಬದೆ ಸುಮ್ಮನಿದ್ದರೆ ಹಣವೂ ಬರುವುದಿಲ್ಲ, ಮುಂದೆ ದಾವೆ ಹೂಡುವ ಹಕ್ಕೂ ಉಳಿಯುವುದಿಲ್ಲ.

ಇನ್ನು ನಮ್ಮ ದೇಶ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 110ಎ ಕಲಮಿನಂತೆ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದಂಡವೂ ಉಂಟು. ಆದರೆ ದಂಡದ ಹಣ ಹೆದ್ದಾರಿಯಲ್ಲಿ ನಿಂತ ಸಂಸಾರಕ್ಕೆ ಬರುವುದಿಲ್ಲ. ಅದಕ್ಕೆ ಗ್ರಾಹಕ ಆಯೋಗವೇ ದಾರಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳದ ಹ್ಯುಂಡೈ ಕ್ರೆಟಾ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ಮಾಲೀಕನ ಪರ ತೀರ್ಪಿತ್ತಿತು. ಢಿಕ್ಕಿಯ ವೇಗವನ್ನೂ ಬಲವನ್ನೂ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂಬರ್ಥದ ಮಾತನ್ನು ಅಲ್ಲಿ ಹೇಳಿದ್ದಾರೆ. (ನನ್ನ ವೃತ್ತಿಬಾಂಧವರು ಕ್ಷಮಿಸಬೇಕು, ನನಗೆ ಆ ಮಾತು ಬಹಳ ಹಿಡಿಸಿತು.) ಆದರೆ ಅದು ಒಬ್ಬನ ಗೆಲುವು. ಬೇರೆಯವರಿಗೆ ಅದು ವಾದಕ್ಕೆ ಆಧಾರವಾದೀತೇ ಹೊರತು ಪರಿಹಾರವಾಗದು.

ಗುಂಪಾಗಿ ದೂರುವ ಅವಕಾಶ 1986ರ ಕಾಯಿದೆಯಲ್ಲಿಯೇ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅದು 35(1)(ಸಿ). ಆಯೋಗದ ಅನುಮತಿ ಪಡೆದು, ಒಂದೇ ಬಗೆಯ ಹಿತಾಸಕ್ತಿಯುಳ್ಳ ಎಲ್ಲರ ಪರವಾಗಿ ಕೆಲವರು ದೂರು ಸಲ್ಲಿಸಬಹುದು. ಇದರಲ್ಲಿ ಎಡವುವುದು ಎಲ್ಲಿ ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. ಕಾರಿನದಲ್ಲ, ಫ್ಲಾಟಿನದು. 1,134 ಫ್ಲಾಟುಗಳ ಸಮುಚ್ಚಯದಲ್ಲಿ 51 ಫ್ಲಾಟುಗಳ 91 ಮಂದಿ ಬ್ರಿಗೇಡ್ ಸಂಸ್ಥೆಯ ವಿರುದ್ಧ ಎಲ್ಲರ ಪರವಾಗಿ ದೂರಿತ್ತರು. ಉಳಿದವರ ಹಿತಾಸಕ್ತಿಯೂ ಇದೇ ಎಂಬುದನ್ನು ದೂರಿನಲ್ಲಿ ವಿವರಿಸಿಲ್ಲವೆಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿ, ಆ 91 ಮಂದಿಯ ಜಂಟಿ ದೂರಾಗಿ ಮಾತ್ರ ಅದನ್ನು ಉಳಿಸಿತು.

ಕಾರಿನವರಿಗೆ ಈ ತೊಡಕು ಕಡಿಮೆಯೆಂದು ನನಗೆ ತೋರುತ್ತದೆ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ತಯಾರಾದ ಯಾವ ಮಾದರಿಯಲ್ಲಿ ಯಾವ ಭಾಗ ದೋಷಯುಕ್ತ ಎಂಬುದನ್ನು ರೀಕಾಲ್ ಪ್ರಕಟಣೆಯಲ್ಲಿ ಕಂಪನಿಯೇ ಬರೆದುಕೊಟ್ಟಿರುತ್ತದೆ. ಅದನ್ನು ದೂರಿಗೆ ಲಗತ್ತಿಸಿ. ಎಳೆಸಿದ ರಸೀದಿ, ಗ್ಯಾರೇಜಿನ ಬಿಲ್ಲು, ಸರ್ವೀಸಿನ ಜಾಬ್ ಕಾರ್ಡು ಇವುಗಳನ್ನು ಜೋಪಾನ ಮಾಡಿ. ದೂರು ಕೊಡಲು ಕಾಯಿದೆ ಕೊಟ್ಟಿರುವ ಅವಧಿ, ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ತಡವಾದರೆ ತಕ್ಕ ಕಾರಣವನ್ನು ಆಯೋಗಕ್ಕೆ ಒಪ್ಪಿಸಬೇಕಾಗುತ್ತದೆ.